ಎಡಬದಿಯ ಹೊಳಪು

"ಪಾತ್ರೆ ತೊಳೆಯುವ ಸೋಪಲ್ಲಿ ಕಾರು ತೊಳೆದ್ರೆ ಪೈಂಟಿನ ಹೊಳಪು ಹೋಗ್ತದೆ ಅಂತ ಎಷ್ಟು ಸಲ ಹೇಳುದು ಅಪ್ಪ ನಿಮ್ಗೆ?"

ರೂಪೇಶ ನೀರುದೋಸೆಯನ್ನು ಮಡಚಿ ಬಾಯಿಗಿಡುತ್ತ ಹೇಳಿದ. ಉತ್ತರ ಬರುತ್ತದೆಂಬ ನಿರೀಕ್ಷೆ ಅವನಿಗೂ ಇರಲಿಲ್ಲ. ಆ ಬಿಳಿ ಕಾರು ಮನೆಗೆ ಬಂದ ಏಳು ವರ್ಷದಿಂದ ಪ್ರತಿ ತಿಂಗಳೂ ಅವನು ಹೇಳುತ್ತ ಬಂದ ಮಾತು ಅದು. ಧರ್ಮಪಾಲ ಗೌಡರೋ, ಅಡುಗೆಮನೆಯ ಸೋಪಿನ ತುಂಡು, ಹಳೇ ಬನಿಯನು, ಅರ್ಧ ಬಕೆಟ್ ನೀರು, ಇಷ್ಟರಲ್ಲೇ ಕಾರಿನ ಸ್ನಾನ ಮುಗಿಸುವವರು. ಅದೂ ಮನಸ್ಸು ಬಂದರೆ. ಬಾರದಿದ್ದರೆ ಕಾರು ಕಡಬದ ಕೆಂಪು ಧೂಳು ಹೊದ್ದುಕೊಂಡು ತಿಂಗಳುಗಟ್ಟಲೆ ಹಾಗೇ ಓಡಾಡುತ್ತಿತ್ತು.

"ಹಾಗಾದ್ರೆ ಎಂತ ಹಾಕ್ಬೇಕು? ಒಂದು ಚೀಟಿಯಲ್ಲಿ ಬರ್ದು ಕೊಡು" ಎಂದರು ಧರ್ಮಪಾಲರು.

ಕಾವಲಿಗೆ ಹಿಟ್ಟು ಎರೆಯುತ್ತಿದ್ದ ಶೀಲಾವತಿಯ ಕೈ ನಿಂತಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಯಾರ ಮಾತನ್ನೂ ಚೀಟಿಯಲ್ಲಿ ಬರೆಸಿಕೊಂಡವರಲ್ಲ. ಸಹಕಾರಿ ಸೊಸೈಟಿಯಲ್ಲಿ ಕೆಲಸಕ್ಕಿದ್ದಷ್ಟು ದಿನ ಊರವರಿಗೆಲ್ಲ ಬುದ್ಧಿ ಹೇಳಿದವರು. ನಿವೃತ್ತಿಯಾದ ಮೇಲೆ ಅದನ್ನು ಮನೆಯವರಿಗೆ ಹೇಳುತ್ತಿದ್ದವರು.

ರೂಪೇಶನಿಗಂತೂ ಖುಷಿಯೋ ಖುಷಿ. ಕಡಬ ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಅವನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ನೋಡುತ್ತಿದ್ದದ್ದೇ ಕಾರು ತೊಳೆಯುವ ವಿಡಿಯೋಗಳನ್ನು. ಕೈ ತೊಳೆದು ಬಂದವನೇ ಮಗಳ ಶಾಲೆಯ ಪಟ್ಟಿ ಪುಸ್ತಕದಿಂದ ಹಾಳೆ ಹರಿದು ಬರೆಯಲು ಕೂತ.

"ನೋಡಿ ಅಪ್ಪ, ಕಾರಿನದ್ದೇ ಶಾಂಪೂ ಸಿಗ್ತದೆ. ಒಂದು ಬಕೆಟಿಗೆ ಎರಡು ಮುಚ್ಚಳ ಸಾಕು. ಬನಿಯನು ಎಲ್ಲ ಬೇಡ, ಮೈಕ್ರೋಫೈಬರ್ ಬಟ್ಟೆ ತನ್ನಿ. ಬಕೆಟು ಎರಡು ಬೇಕು, ಒಂದ್ರಲ್ಲಿ ಶಾಂಪೂ, ಇನ್ನೊಂದ್ರಲ್ಲಿ ಬಟ್ಟೆ ಜಾಲಾಡ್ಲಿಕ್ಕೆ ಬರೀ ನೀರು. ಒಂದೇ ಬಕೆಟ್ ಆದ್ರೆ ಧೂಳಿನ ಹರಳು ವಾಪಸ್ ಕಾರಿಗೇ ಹೋಗಿ ಗೀರು ಬೀಳ್ತದೆ. ಕಡೆಗೆ ವ್ಯಾಕ್ಸ್ ಪಾಲಿಶ್."

"ಗೀರು ಬಿದ್ದದ್ದು ಹೋಗ್ಲಿಕ್ಕೆ?" ಎಂದು ಧರ್ಮಪಾಲರು ಮೆಲ್ಲಗೆ ಕೇಳಿದರು.

"ಅದಕ್ಕೆ ರಬ್ಬಿಂಗ್ ಕಾಂಪೌಂಡ್. ಆದ್ರೆ ಹುಷಾರು, ಅದು ಜಾಸ್ತಿ ತಿಕ್ಕಿದ್ರೆ ಬಣ್ಣವನ್ನೇ ತಿಂತದೆ. ಗೀರು ಎಲ್ಲುಂಟು?"

"ಇಲ್ಲ, ಸುಮ್ಮನೆ ಕೇಳಿದ್ದು."

"ಅಜ್ಜ, ಕಾರಿಗೆ ಶಾಂಪೂ, ನಂಗೆ ಬರೀ ಸೋಪಾ?" ಎಂದಳು ಏಳು ವರ್ಷದ ಮೋಕ್ಷಿತಾ.

"ನಿನ್ನ ಅಜ್ಜಿಯ ತಲೆಗೆ ಇಷ್ಟು ವರ್ಷ ಯಾರೂ ಚೀಟಿ ಬರೀಲಿಲ್ಲ ಮಗಾ" ಎಂದು ಶೀಲಾವತಿ ನಕ್ಕಳು. ಆದರೆ ಗಂಡ ನಗಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿ ಗುಂಡಿ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಅವರು ಹೊರಟದ್ದು ಬಸ್ಸಿನಲ್ಲಿ. ಅಷ್ಟು ದೂರ ಪುತ್ತೂರು ದಾಟಿ ಕಬಕಕ್ಕೆ.

"ಕಡಬದಲ್ಲೇ ಸಿಗ್ತದಲ್ಲ, ಬಂಕಿನ ಎದುರು?" ಎಂದು ಶೀಲಾವತಿ ಕೇಳಿದಳು.

"ಅಲ್ಲಿ ಎಲ್ಲ ಡೂಪ್ಲಿಕೇಟ್."

"ಕಾರಲ್ಲಾದ್ರೂ ಹೋಗಿ."

"ಕಾರಿಗೆ ಇವತ್ತು ರಜೆ" ಎಂದು ಹೇಳಿ ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ಶೆಡ್ಡಿನಲ್ಲಿ ಕಾರು ಎಡಬದಿ ಗೋಡೆಗೆ ತಾಗುವಷ್ಟು ಹತ್ತಿರ ನಿಂತಿತ್ತು. ಹಿಂದಿನ ಬುಧವಾರ ಧರ್ಮಪಾಲರು ತಮ್ಮನಾದ ಜಯಪ್ರಕಾಶನನ್ನು ನೆಟ್ಟಣದ ರೈಲ್ವೆ ಸ್ಟೇಷನ್ನಿಗೆ ಬಿಟ್ಟು ಬಂದು ನಿಲ್ಲಿಸಿದ್ದು. ಆ ಮೇಲೆ ಅದು ಒಂದಡಿಯೂ ಕದಲಿರಲಿಲ್ಲ.

*

ಆ ವಾರದ ಭಾನುವಾರ ಅಂಗಳದಲ್ಲಿ ಹಬ್ಬ. ಎರಡು ಬಕೆಟು, ಪೈಪು, ಹಳದಿ ಬಟ್ಟೆಗಳು, ಸಾಲಾಗಿ ನಿಂತ ಬಾಟಲಿಗಳು. ರೂಪೇಶ ಒಂದೊಂದನ್ನೇ ಎತ್ತಿ ಹಿಂದೆ ಬರೆದದ್ದನ್ನು ಓದಿದ. "ಅಪ್ಪ, ಮೂರು ನಮೂನೆ ಕಾಂಪೌಂಡ್ ಎಂತಕ್ಕೆ ಮಾರಾಯ್ರೆ? ಒಂದು ಡಬ್ಬಿ ನಮ್ಗೆ ಹತ್ತು ವರ್ಷಕ್ಕೆ ಸಾಕು."

"ಯಾವುದು ಒಳ್ಳೇದು ಅಂತ ಗೊತ್ತಾಗ್ಬೇಕಲ್ಲ."

ಮೇಲಿನ ಮಾಡಿನಿಂದ ಶುರು ಮಾಡಿ ಕೆಳಗೆ ಬರಬೇಕು, ಚಕ್ರಗಳು ಕಡೆಗೆ, ಬಿಸಿಲಲ್ಲಿ ಒಣಗಲು ಬಿಡಬಾರದು, ರೂಪೇಶನ ಪಾಠ ನಡೆದಿತ್ತು. ನೊರೆ ಕಂಡು ಮೋಕ್ಷಿತಾ ಕುಣಿದಳು. ಅವನು ಎಡಬದಿಗೆ ಬಂದಾಗ ಮಾತ್ರ ಧರ್ಮಪಾಲರು ಅಡ್ಡ ನಿಂತರು. "ಈಚೆ ಕಡೆ ನಾನು ಮಾಡ್ತೇನೆ. ನೀನು ಅಂಗಡಿ ತೆಗಿ ಹೋಗು, ಆಧಾರ್ ಕಾರ್ಡಿನವರು ಕಾಯ್ತಿರ್ತಾರೆ."

ಮಗ ಹೋದ ಮೇಲೆ ಶೀಲಾವತಿ ಪೈಪು ಹಿಡಿಯಲು ಬಂದಳು. ಎಡಗಡೆಯ ಮಡ್‌ಗಾರ್ಡಿನ ಮೇಲೆ ಒಂದು ಗೇಣು ಉದ್ದಕ್ಕೆ ಕೆಂಪು ಗೆರೆ.

"ಎಂತದಿದು?"

"ಸೊಸೈಟಿಯ ಗೇಟು ತಾಗಿದ್ದು."

"ಹೇಳ್ಬಾರದಾ? ಅದಕ್ಕೆ ಇಷ್ಟೆಲ್ಲ ಡಬ್ಬಿ ತಂದದ್ದಾ?" ಎಂದು ಅವಳು ಒಳಗೆ ಹೋಗಿ ತೆಂಗಿನೆಣ್ಣೆ ತಂದಳು. ಹಲಸಿನ ಮೇಣ ಕೈಗೆ ಹಿಡಿದರೂ, ಕತ್ತಿಗೆ ಹಿಡಿದರೂ, ಅವಳ ಕೈಯಲ್ಲಿ ಎಲ್ಲದಕ್ಕೂ ಅದೇ ಮದ್ದು. ಎಣ್ಣೆ ಹಚ್ಚಿ ಸೆರಗು ಸಿಕ್ಕಿಸಿಕೊಂಡು ಮೊಣಕಾಲೂರಿ ತಿಕ್ಕಿದಳು. ಗೆರೆ ಹೋಗಲಿಲ್ಲ. ಗಂಡ ಕಾಂಪೌಂಡಿನ ಡಬ್ಬಿ ಮುಂದಿಟ್ಟರು. ಅದನ್ನು ಹಚ್ಚಿ ತಿಕ್ಕಿದಾಗ ಹಳದಿ ಬಟ್ಟೆಗೆ ಕೆಂಪು ಬಂತು, ಕುಂಕುಮ ಒರೆಸಿದ ಹಾಗೆ.

"ನೋಡಿ, ಹೋಗ್ತದೆ!" ಎಂದು ಅವಳು ಹಿಗ್ಗಿದಳು. ಬಟ್ಟೆಯನ್ನು ಒಗೆಯುವ ಕಲ್ಲಿನಲ್ಲಿ ತಾನೇ ಒಗೆದು ಹಗ್ಗಕ್ಕೆ ಹಾಕಿದಳು.

ಮಂಗಳವಾರ ಸಂಜೆ ಊಟಕ್ಕೆ ಬಂಗುಡೆ ಪುಳಿಮುಂಚಿ. ಸೊಸೆ ಭವಿತಾ ಪುತ್ತೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಹೋದರೆ ಸಂಜೆ ಆರೂವರೆಗೆ ಮನೆ. ಅವಳು ಮೀನಿನ ಮುಳ್ಳು ಬಿಡಿಸುತ್ತ ಮಗಳ ತಟ್ಟೆಗೆ ಇಡುತ್ತಿದ್ದಳು.

"ಆ ಹುಡುಗಿಗೆ ಇವತ್ತು ಎರಡನೇ ಆಪರೇಷನ್ ಅತ್ತೆ. ತೊಡೆಗೆ ರಾಡ್ ಹಾಕಿದ್ದು."

"ಯಾವ ಹುಡುಗಿ?"

"ನಶೀದಾ ಅಂತ. ಕಡಬದಲ್ಲಿ ಟೈಲರಿಂಗ್ ಮಾಡುದು. ಹೋದ ವಾರ ಬುಧವಾರ, ಇದೇ ನಮ್ಮ ನೆಟ್ಟಣ ರೋಡಲ್ಲಿ, ಯಾವನೋ ಸ್ಕೂಟರಿಗೆ ತಾಗಿಸಿ ಹೋಗಿದ್ದಾನೆ. ಬಿಳಿ ಕಾರಂತೆ. ನಿಲ್ಲಿಸ್ಲೇ ಇಲ್ಲ ಅಂತೆ ಪಾಪಿ. ತಾಯಿ ಪಾತು ಅಂತ, ಆವತ್ತಿಂದ ಕಾರಿಡಾರಿನ ಬೆಂಚಲ್ಲೇ ಕೂತದ್ದು."

"ನಂಬರು ನೋಡಿದವರಿಲ್ವಾ?" ಎಂದ ರೂಪೇಶ.

"ಧೂಳು ಮೆತ್ತಿತ್ತಂತೆ."

"ಸ್ಕೂಟರು ಯಾವ ಬಣ್ಣದ್ದು?" ಅದು ಶೀಲಾವತಿಯ ಬಾಯಿಂದ ಬಂದ ಪ್ರಶ್ನೆ. ಯಾಕೆ ಕೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

"ಕೆಂಪು. ಯಾಕೆ ಅತ್ತೆ?"

"ಸುಮ್ಮನೆ."

ಧರ್ಮಪಾಲರು ತಟ್ಟೆಯಲ್ಲಿ ಅರ್ಧ ಮೀನು ಬಿಟ್ಟು ಎದ್ದರು. "ಖಾರ ಆಯ್ತು" ಎಂದರು. ಖಾರ ಕಡಿಮೆಯಾಯಿತೆಂದು ಜಗಳ ಮಾಡುವ ಬಾಯಿ ಅದು.

*

ಎರಡು ದಿನ ಶೀಲಾವತಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಊರಲ್ಲಿ ಬಿಳಿ ಕಾರು ಒಂದಾ? ಕೆಂಪು ಬಣ್ಣ ಸ್ಕೂಟರಿಗೆ ಮಾತ್ರವಾ? ಗುರುವಾರ ಗಂಡ ಸ್ನಾನಕ್ಕೆ ಹೋಗಿದ್ದಾಗ ಅವರ ಮೊಬೈಲು ಬಡಿದುಕೊಂಡಿತು.

"ಧರ್ಮಪಾಲಣ್ಣ ಇದ್ದಾರಾ? ನಾನು ಮಹಾಗಣಪತಿ, ಕಬಕದ ಅಂಗಡಿಯಿಂದ."

"ಸ್ನಾನಕ್ಕೆ ಹೋಗಿದ್ದಾರೆ. ಎಂತ ಆಗ್ಬೇಕಿತ್ತು?"

"ಅಕ್ಕನಾ? ಎಂತ ಇಲ್ಲಕ್ಕ, ಆ ಕೆಂಪು ಮಾರ್ಕು ಪೂರ್ತಿ ಹೋಯ್ತಾ ಅಂತ ಕೇಳ್ಲಿಕ್ಕೆ. ಮೂರು ಡಬ್ಬಿ ತಗೊಂಡು ಹೋಗಿದ್ದಾರಲ್ಲ, ಹೋಗದಿದ್ರೆ ನನ್ನ ಅಂಗಡಿಗೆ ಹೆಸರು ಹಾಳು. ಮನೆ ಗೇಟಿನ ಪೈಂಟು ಆದ್ರೆ ಸಾಧಾರಣ ಹೋಗ್ತದೆ. ನಿಮ್ಮ ಗೇಟಿಗೆ ಬೇರೆ ಬಣ್ಣ ಹೊಡೀರಿ ಅಕ್ಕ, ಕೆಂಪು ತಾಗಿದ್ರೆ ಕಷ್ಟ!" ಎಂದು ನಗಾಡಿ ಇಟ್ಟ.

ಶೀಲಾವತಿ ಕಿಟಕಿಯಿಂದ ಗೇಟು ನೋಡಿದಳು. ಹಸಿರು. ಕಟ್ಟಿಸಿದ ದಿನದಿಂದ ಹಸಿರು. ಗಂಡ ಅವಳಿಗೆ ಹೇಳಿದ್ದು ಸೊಸೈಟಿಯ ಗೇಟು, ಅಂಗಡಿಯವನಿಗೆ ಹೇಳಿದ್ದು ಮನೆಯ ಗೇಟು.

ಮೂರು ತಿಂಗಳ ಹಿಂದೆ ಪುತ್ತೂರಿನ ಕಣ್ಣಿನ ಡಾಕ್ಟರು ಇವಳ ಎದುರೇ ಹೇಳಿದ್ದರು: ಎಡಗಣ್ಣಿನ ಪೊರೆ ಬಲಿತಿದೆ, ಆಪರೇಷನ್ ಆಗುವವರೆಗೆ ಗಾಡಿ ಮುಟ್ಟಬೇಡಿ. ಹೊರಗೆ ಬಂದ ಗಂಡ "ಮಕ್ಕಳಿಗೆ ಹೇಳ್ಬೇಡ ಮಾರಾಯ್ತಿ, ಕೀ ಕಿತ್ಕೊಳ್ತಾರೆ" ಎಂದಿದ್ದರು. ಅವಳು ಹೇಳಿರಲಿಲ್ಲ. ಆ ಬುಧವಾರ ಕೀ ಹುಡುಕಿ ಕೈಗೆ ಕೊಟ್ಟವಳೂ ಅವಳೇ. ಗುರುತು ಒರೆಸಿದವಳೂ ಅವಳೇ.

ಧರ್ಮಪಾಲರು ತಲೆ ಒರೆಸುತ್ತ ಬಂದರು.

"ಕಬಕದವನ ಫೋನ್ ಬಂದಿತ್ತು. ಗೇಟಿನ ಕೆಂಪು ಹೋಯ್ತಾ ಅಂತ."

ಟವೆಲು ತಲೆಯ ಮೇಲೆಯೇ ನಿಂತಿತು. "ನೀನು ಎಂತ ಹೇಳಿದೆ?"

"ಎಂತ ಹೇಳ್ಬೇಕಿತ್ತು?"

"ನನ್ನ ಫೋನ್ ಯಾಕೆ ಎತ್ತುದು ನೀನು? ಇನ್ನು ಎತ್ತಬೇಡ" ಎಂದು ಕೂಗಾಡಿ ಶೆಡ್ಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಬಟ್ಟೆ ತಿಕ್ಕುವ ಶಬ್ದ ಕೇಳತೊಡಗಿತು.

ಆ ಶಬ್ದ ಮನೆಯಲ್ಲಿ ದಿನಚರಿಯಾಯಿತು. ಬೆಳಿಗ್ಗೆ ಗಂಜಿ ಕುಡಿದು ಶೆಡ್ಡಿಗೆ ಹೋದರೆ ಹತ್ತು ಗಂಟೆಯವರೆಗೆ ಸರ್ ಸರ್, ಸರ್ ಸರ್. ಮೊದಲು ಕಾಂಪೌಂಡು, ಮತ್ತೆ ಪಾಲಿಶು, ಮತ್ತೆ ವ್ಯಾಕ್ಸು, ಮರುದಿನ ಪುನಃ ಕಾಂಪೌಂಡು. ಗುರುತು ಯಾವತ್ತೋ ಹೋಗಿತ್ತು. ಆದರೆ ಅವರ ಒಂದು ಕಣ್ಣಿಗೆ ಮಂಜು, ಇನ್ನೊಂದಕ್ಕೆ ಹೆದರಿಕೆ. ಅದು ಇನ್ನೂ ಕಾಣುತ್ತಿತ್ತೋ ಏನೋ. ರಸ್ತೆಯಲ್ಲಿ ಜೀಪಿನ ಶಬ್ದ ಕೇಳಿದರೆ ಸರ್ ಸರ್ ನಿಲ್ಲುತ್ತಿತ್ತು. ಒಳಗೆ ತೊಂಡೆಕಾಯಿ ಹೆಚ್ಚುವ ಶೀಲಾವತಿಯ ಕತ್ತಿಯೂ ನಿಲ್ಲುತ್ತಿತ್ತು. ಜೀಪು ದಾಟಿ ಹೋದ ಮೇಲೆ ಎರಡೂ ಪುನಃ ಶುರು. ಗಂಡ ಹೆಂಡತಿ ಮಾತಿಲ್ಲದೆ ಒಂದೇ ಉಸಿರು ಹಿಡಿದು ಬದುಕುತ್ತಿದ್ದರು. ಸೊಸೆ ಸಂಜೆ ಬಂದು ಆಸ್ಪತ್ರೆಯ ಸುದ್ದಿ ತೆಗೆದರೆ ಶೀಲಾವತಿ "ಊಟದ ಹೊತ್ತಿಗೆ ಅದೆಲ್ಲ ಬೇಡ ಭವಿ" ಎನ್ನುತ್ತಿದ್ದಳು.

*

ಮೂರನೇ ವಾರದ ಶನಿವಾರ ಜೀಪು ಬರಲಿಲ್ಲ. ಬಂದದ್ದು ಬೈಕು, ಅದರಲ್ಲಿ ಒಬ್ಬ ಪೊಲೀಸು. ಹಸಿರು ಗೇಟು ಕಿರುಗುಟ್ಟಿತು.

ಶೀಲಾವತಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಶೆಡ್ಡಿನ ಬಾಗಿಲಲ್ಲಿ ಧರ್ಮಪಾಲರು ಕೈಯಲ್ಲಿ ಹಳದಿ ಬಟ್ಟೆ ಹಿಡಿದು ನಿಂತಿದ್ದರು, ಹಿಂದೆ ಅಡಗಿಸಲೂ ಗೊತ್ತಾಗದೆ, ಬಿಡಲೂ ಗೊತ್ತಾಗದೆ.

"ಎಂತ ಇಲ್ಲ ಗೌಡ್ರೆ, ಆ ಸ್ಕೂಟರಿನ ಕೇಸು. ಈ ಲೈನಿನ ಬಿಳಿ ಕಾರು ಎಲ್ಲ ಒಮ್ಮೆ ನೋಡಿ ಬನ್ನಿ ಅಂತ ಸಾಹೇಬ್ರು ಹೇಳಿದ್ರು. ನಿಮ್ಮಲ್ಲಿ ಕೇಳುದೇ ತಪ್ಪು, ಆದ್ರೂ ಡ್ಯೂಟಿ ಅಲ್ವಾ?"

"ನೋಡಿ, ನೋಡಿ" ಎಂದರು ಧರ್ಮಪಾಲರು. ಸ್ವರ ಮಾತ್ರ ಬಂತು, ಕಾಲು ಬರಲಿಲ್ಲ.

ಪೊಲೀಸು ಕಾರಿಗೆ ಒಂದು ಸುತ್ತು ಬಂದ. ಎಡಬದಿ ಗೋಡೆಗೆ ಹತ್ತಿರವಿತ್ತು. ಹೊಟ್ಟೆ ಒಳಗೆಳೆದುಕೊಂಡು ಶೆಡ್ಡಿನ ಮಬ್ಬು ಬೆಳಕಿನಲ್ಲಿ ಬಗ್ಗಿ ನೋಡಿದ.

"ಓ ಹೋ!" ಎಂದ ಅವನು.

ಧರ್ಮಪಾಲರ ಕೈಯ ಬಟ್ಟೆ ಕೆಳಗೆ ಬಿತ್ತು.

"ಮುಖ ಕಾಣ್ತದಲ್ಲ ಮಾರಾಯ್ರೆ! ಎಂತ ಹಾಕ್ತೀರಿ ಇದಕ್ಕೆ? ನನ್ನ ಭಾವ ಒಂದು ಹಳೇ ಗಾಡಿ ತಗೊಂಡಿದ್ದಾನೆ, ಎಷ್ಟು ತೊಳೆದ್ರೂ ಎಮ್ಮೆ ಥರ ಉಂಟು."

ಶೀಲಾವತಿಯೇ ಡಬ್ಬಿಗಳನ್ನು ತಂದು ತೋರಿಸಿದಳು. "ಮೊದಲು ಇದು, ಮತ್ತೆ ಇದು. ಎರಡು ಬಕೆಟ್ ಇಟ್ಕೊಳ್ಬೇಕಂತೆ" ಎಂದಳು. ತನ್ನ ನಾಲಗೆ ಇಷ್ಟು ಸಲೀಸಾಗಿ ಆಡಿದ್ದು ಕಂಡು ಅವಳಿಗೇ ಭಯವಾಯಿತು. ಪೊಲೀಸು ಮೊಬೈಲಿನಲ್ಲಿ ಡಬ್ಬಿಗಳ ಫೋಟೋ ಹೊಡೆದುಕೊಂಡ, ಪುನರ್ಪುಳಿ ಶರಬತ್ತು ಕುಡಿದ, ಹೋದ.

ಬೈಕಿನ ಶಬ್ದ ಆರಿದ ಮೇಲೆ ಧರ್ಮಪಾಲರು ಬಕೆಟಿನ ಹತ್ತಿರವೇ ನೆಲಕ್ಕೆ ಕೂತರು. "ದೇವರು ದೊಡ್ಡವ" ಎಂದರು.

"ಆ ಹುಡುಗಿಗೂ ದೇವರು ಅವನೇ ಅಲ್ವಾ?" ಎಂದಳು ಶೀಲಾವತಿ. ಅಷ್ಟು ಹೇಳಿ ಒಳಗೆ ಹೋಗಿ ಸುಮ್ಮನೆ ಒಲೆಯ ಎದುರು ನಿಂತಳು. ಸಾರು ಸೀದು ಹೋಗುವವರೆಗೂ ನಿಂತೇ ಇದ್ದಳು.

*

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿ. ಪೊಲೀಸು ಪೇಟೆಯಲ್ಲಿ ಸಿಕ್ಕಿ ಕಾರನ್ನು ಹೊಗಳಿದನೆಂದು ರೂಪೇಶ ಉಬ್ಬಿ ಹೋಗಿದ್ದ. ಊಟಕ್ಕೆ ಮೊದಲು ಒಮ್ಮೆ ನೋಡಿ ಬರುತ್ತೇನೆಂದು ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆದ. ಬಿಸಿಲಿಗೆ ಬಂದದ್ದೇ ತಡ, ಅಲ್ಲಿಂದಲೇ ಕೂಗಿದ.

"ಅಪ್ಪಾ! ಎಂತ ಮಾಡಿಟ್ಟಿದ್ದೀರಿ? ಇಲ್ಲಿ ಎಡಗಡೆ ಬಣ್ಣ ಪೂರಾ ತಿಂದು ಹಾಕಿದ್ದೀರಲ್ಲ! ಅಡಿಯ ಬೂದು ಕಾಣ್ತಾ ಉಂಟು. ಎಲ್ಲಾ ಬಿಟ್ಟು ಇದೊಂದೇ ಜಾಗ ಯಾಕೆ ಇಷ್ಟು ತಿಕ್ಕಿದ್ದು?"

ಅವನು ಒಳಗೆ ಬಂದು ಅಪ್ಪನ ಮುಖ ನೋಡಿದ, ಅಮ್ಮನ ಮುಖ ನೋಡಿದ. ಶೀಲಾವತಿ ಮೊಮ್ಮಗಳ ಕೈಗೆ ಹಪ್ಪಳ ಕೊಟ್ಟು, "ಹೊರಗೆ ಆಡು ಹೋಗು ಮಗಾ" ಎಂದು ಕಳಿಸಿದಳು.

"ಹೇಳಿ ನೀವೇ" ಎಂದಳು ಗಂಡನಿಗೆ.

ಧರ್ಮಪಾಲರು ಅನ್ನದ ತಟ್ಟೆ ನೋಡುತ್ತ ಹೇಳಿದರು. "ಎದುರಿಗೆ ಬಿಸಿಲಿತ್ತು. ಎಡಗಡೆ ಎಂತದೂ ಕಾಣ್ಲಿಲ್ಲ. ಒಂದು ಸದ್ದು ಕೇಳಿತು, ಅಷ್ಟೆ. ಕನ್ನಡಿಯಲ್ಲಿ ನೋಡುವಾಗ ಅವಳು ಬಿದ್ದಿದ್ದಾಳೆ. ಬಸ್‌ಸ್ಟಾಪಿನಿಂದ ನಾಲ್ಕೈದು ಜನ ಓಡಿ ಬರ್ತಿದ್ದಾರೆ. ನಿಲ್ಲಿಸಿದ್ರೆ ನನ್ನನ್ನು ಕೊಂದೇ ಹಾಕ್ತಾರೆ ಅಂತ ಆಯ್ತು ನಂಗೆ."

"ಅವರು ಓಡಿ ಬಂದದ್ದು ಅವಳನ್ನು ಎತ್ಲಿಕ್ಕೆ" ಎಂದಳು ಶೀಲಾವತಿ. "ನಿಮ್ಮ ಕಣ್ಣಿನ ವಿಷಯ ನಂಗೂ ಗೊತ್ತಿತ್ತು, ಡಾಕ್ಟ್ರು ಹೇಳಿದ್ರು. ಕೀ ಕೊಟ್ಟದ್ದು ನಾನು. ಅದನ್ನೂ ಹೇಳಿ."

ಭವಿತಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ನೀವಾ ಮಾವ? ನಾನು ದಿನಾ ಬಂದು ನಿಮ್ಮೆದುರೇ ಹೇಳ್ತಿದ್ದೆ. ನೀವು ಕೇಳ್ತಿದ್ರಿ?"

ರೂಪೇಶ ಹೋಗಿ ಮುಂಬಾಗಿಲು ಎಳೆದು ಬಂದ. ಆಮೇಲೆ ಸ್ವರ ತಗ್ಗಿಸಿ ಹೇಳಿದ. "ಯಾರೂ ನೋಡ್ಲಿಲ್ಲ ಅಲ್ವಾ? ಪೊಲೀಸು ಬಂದು ಹೋಗಿಯೂ ಆಯ್ತು. ಸುಳ್ಯದಲ್ಲಿ ಒಬ್ಬ ಪೈಂಟರ್ ಇದ್ದಾನೆ. ಟಚ್ ಅಪ್ ಮಾಡಿದ್ರೆ ಕಂಪೆನಿಯವರಿಗೂ ಗೊತ್ತಾಗುದಿಲ್ಲ."

"ನನ್ನ ಕಣ್ಣಿಗೂ ಹಚ್ತಾನಾ ಅವನು ಬಣ್ಣ?" ಎಂದಳು ಭವಿತಾ. "ನಾಳೆ ಬೆಳಿಗ್ಗೆ ಅವಳ ರಕ್ತ ತೆಗೆಯುದು ನಾನು. ತಾಯಿ ಪಕ್ಕದಲ್ಲಿ ನಿಂತು 'ಮೆಲ್ಲ ಭವಿತಕ್ಕ' ಅಂತ ಹೇಳ್ತಾರೆ."

"ನೀನು ಸುಮ್ಮನಿದ್ರೆ ಎಂತ ಆಗುದಿಲ್ಲ! ಅಪ್ಪನನ್ನು ಜೈಲಿಗೆ ಹಾಕಿಸ್ತೀಯಾ? ಊರಲ್ಲಿ ತಲೆ ಎತ್ಲಿಕ್ಕುಂಟಾ? ಮೋಕ್ಷಿತಾಳಿಗೆ ಶಾಲೆಯಲ್ಲಿ ಎಂತ ಹೇಳ್ತಾರೆ?"

"ಸಾಕು ರೂಪೇಶ" ಎಂದಳು ಶೀಲಾವತಿ. "ನಾಳೆ ಭವಿಯ ಬಸ್ಸಿಗೆ ನಾನೂ ಹೋಗ್ತೇನೆ. ಮೊದಲು ಆ ತಾಯಿಯ ಹತ್ರ, ಮತ್ತೆ ಠಾಣೆಗೆ. ನೀವು ಬಂದ್ರೆ ನೀವು ಹೇಳಿ. ಬಾರದಿದ್ರೆ ನಾನು ಹೇಳ್ತೇನೆ."

"ಹೊಡಿತಾರೆ ಶೀಲಾ" ಎಂದರು ಧರ್ಮಪಾಲರು, ಸಣ್ಣ ಮಗುವಿನ ಹಾಗೆ.

"ಹೊಡೀಲಿ. ನಾನೂ ಇರ್ತೇನಲ್ಲ."

*

ಬೆಳಿಗ್ಗೆ ಏಳು ಗಂಟೆಗೆ ಶೀಲಾವತಿ ಹೊರಗೆ ಬಂದಾಗ ಗಂಡ ಗೇಟಿನ ಹತ್ತಿರ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಪಂಚೆ. ಮೂವರೂ ಬಸ್ಸು ಹತ್ತಿದರು. ರೂಪೇಶ ನಾಲ್ಕು ಸಲ ಫೋನು ಮಾಡಿದ. ಭವಿತಾ ಎತ್ತಲಿಲ್ಲ.

ಆಸ್ಪತ್ರೆಯ ಎರಡನೇ ಮಹಡಿಯ ಕಾರಿಡಾರು. ಬೆಂಚಿನ ತುದಿಯಲ್ಲಿ ಐವತ್ತರ ಆಸುಪಾಸಿನ ಸಪೂರ ಹೆಂಗಸು, ಪಾತು, ಪಕ್ಕದಲ್ಲಿ ಚೀಲ, ಚಾಪೆ, ಫ್ಲಾಸ್ಕು. ಭವಿತಾಳನ್ನು ಕಂಡು ಮುಖ ಅರಳಿತು.

"ಇವತ್ತು ಜ್ವರ ಬಿಟ್ಟಿದೆ ಭವಿತಕ್ಕ. ಇವರು ಯಾರು?"

"ನನ್ನ ಅತ್ತೆ. ಮಾವ."

"ಅಯ್ಯೋ, ನನ್ನ ಮಗಳನ್ನು ನೋಡ್ಲಿಕ್ಕೆ ಅಷ್ಟು ದೂರದಿಂದ ಬಂದ್ರಾ? ಕೂತ್ಕೊಳ್ಳಿ ಅಕ್ಕ. ಯಜಮಾನ್ರೆ, ನೀವು ಬೆವರ್ತಾ ಇದ್ದೀರಲ್ಲ" ಎಂದು ಪಾತು ಚೀಲ ಸರಿಸಿ ಜಾಗ ಮಾಡಿದಳು. ಬೇಡವೆಂದರೂ ಕೇಳದೆ ಫ್ಲಾಸ್ಕಿನಿಂದ ಸ್ಟೀಲ್ ಲೋಟಕ್ಕೆ ಚಹಾ ಬಗ್ಗಿಸಿ ಧರ್ಮಪಾಲರ ಕೈಗಿಟ್ಟಳು. "ಕಪ್ಪು ಚಹಾ. ಹಾಲಿಲ್ಲ, ಬೇಜಾರು ಮಾಡ್ಬೇಡಿ."

ಧರ್ಮಪಾಲರು ಕೂರಲಿಲ್ಲ. ಶೀಲಾವತಿ ಅವರ ಹಿಂದೆಯೇ ನಿಂತಳು, ಬೆನ್ನಿಗೆ ತಾಗುವ ಹಾಗೆ. ಈ ಕ್ಷಣದಲ್ಲಿ ಅವರು ತಿರುಗಿ ಮೆಟ್ಟಿಲಿಳಿದರೆ ತಾನು ತಡೆಯಲಾರೆನೆಂದು ಅವಳಿಗೆ ಗೊತ್ತಿತ್ತು.

"ಅಮ್ಮಾ" ಎಂದರು ಅವರು. "ಆ ಬಿಳಿ ಕಾರು ನನ್ನದು."

ಪಾತು ಅರ್ಥವಾಗದವಳಂತೆ ನಗುತ್ತಲೇ ಭವಿತಾಳನ್ನು ನೋಡಿದಳು. ಭವಿತಾ ತಲೆ ತಗ್ಗಿಸಿದಳು. ನಗು ಮುಖದಿಂದ ಇಳಿದು ಹೋಗಲು ತುಂಬ ಹೊತ್ತು ಹಿಡಿಯಿತು.

"ನಾನೇ ತಾಗಿಸಿದ್ದು. ನಿಲ್ಲಿಸ್ಲಿಲ್ಲ. ಹೆದ್ರಿಕೆ ಆಯ್ತು."

"ಉಮ್ಮಾ," ವಾರ್ಡಿನ ಒಳಗಿನಿಂದ ಮಗಳ ಸ್ವರ ಕೇಳಿತು, "ಯಾರು ಬಂದದ್ದು?"

ಪಾತು ಎದ್ದು ಬಂದು ಧರ್ಮಪಾಲರ ಕೈಯಿಂದ ಲೋಟವನ್ನು ತೆಗೆದುಕೊಂಡಳು. ಒಂದು ಹನಿಯೂ ಚೆಲ್ಲದ ಹಾಗೆ ಚಹಾವನ್ನು ಪುನಃ ಫ್ಲಾಸ್ಕಿಗೆ ಹೊಯ್ದಳು, ಮುಚ್ಚಳ ಬಿಗಿಯಾಗಿ ತಿರುಗಿಸಿದಳು, ಅದನ್ನು ಕಂಕುಳಲ್ಲಿಟ್ಟುಕೊಂಡು ವಾರ್ಡಿನ ಒಳಗೆ ಹೋದಳು.